ಗಂಡಸಿಗೆ ಒಪ್ಪದ ಸಾವು

ಶವಾಗಾರದ ಮುಂದೆ ಒಂದು ಹೊಂಗೆಮರ, ಮರದ ಸುತ್ತ ಸಿಮೆಂಟು ಕಟ್ಟೆ. ಮಂಡ್ಯಕ್ಕೆ ಹೆಣದ ಜೊತೆ ಬಂದ ಊರಿನವರೆಲ್ಲ ಅಲ್ಲೇ ಕೂರುತ್ತಾರೆ. ಒಳಗೆ ಡಾಕ್ಟರು ಹೆಣ ಕೊಯ್ದು ಸಾವಿಗೆ ಕಾರಣ ಹುಡುಕುತ್ತಾರೆ. ಹೊರಗೆ ಕಟ್ಟೆಯ ಮೇಲಿನವರಿಗೆ ಅಷ್ಟೆಲ್ಲ ಕಷ್ಟವಿಲ್ಲ. ಅವರು ಕಾರಣವನ್ನು ಮೊದಲೇ ತೀರ್ಮಾನ ಮಾಡಿ, ಆಮೇಲೆ ಟೀ ಕುಡಿಯುತ್ತಾರೆ.

ಆವತ್ತು ಕಟ್ಟೆಯ ನಡುಮಧ್ಯೆ ಕೂತಿದ್ದವನು ಚೌಡಯ್ಯ. ಒಳಗೆ ಮಲಗಿದ್ದವನು ಅವನ ತಮ್ಮನ ಮಗ ಯತೀಶ. ಊರಲ್ಲಿ ಯಾರು ಅಕಾಲದಲ್ಲಿ ಸತ್ತರೂ ಪೊಲೀಸರಿಗೆ ಏನು ಹೇಳಬೇಕೆಂದು ಹೇಳಿಕೊಡುವ ಕೆಲಸ ಚೌಡಯ್ಯನದು. ಯಾರೂ ವಹಿಸಿದ ಕೆಲಸವಲ್ಲ, ಅವನಾಗಿಯೇ ಕಲಿತದ್ದು. ಅವನ ಹತ್ತಿರ ಹೆಂಗಸರ ಸಾವೇ ಬೇರೆ, ಗಂಡಸರ ಸಾವೇ ಬೇರೆ. ಹೆಂಗಸಾದರೆ ಹೊಟ್ಟೆನೋವು ತಾಳಲಾರದೆ ಸತ್ತಿರುತ್ತಾಳೆ. ವಿಷ ಕುಡಿದಿದ್ದರೂ ಹೊಟ್ಟೆನೋವು, ನೇಣು ಹಾಕಿಕೊಂಡಿದ್ದರೂ ಹೊಟ್ಟೆನೋವು. ಬೆಂಕಿ ಹತ್ತಿದ್ದರೆ ಮಾತ್ರ ಸ್ಟೌ ಸಿಡಿದಿರುತ್ತದೆ. ಮನೆಗೆ ಗ್ಯಾಸು ಬಂದು ಎಷ್ಟು ಕಾಲವಾಗಿದ್ದರೂ ಆ ಸ್ಟೌ ಎಲ್ಲಿಂದಲೋ ಬಂದು ಸಿಡಿಯುತ್ತದೆ. ನಾಲೆಯಲ್ಲಿ ಸಿಕ್ಕಿದ್ದರೆ ಬಟ್ಟೆ ಒಗೆಯುವಾಗ ಕಾಲು ಜಾರಿರುತ್ತದೆ. ಗಂಡಸಾದರೆ ಅವನಿಗೆ ಹೊಟ್ಟೆ ಇರುವುದೇ ಇಲ್ಲ, ಕಾಲು ಜಾರುವುದೂ ಇಲ್ಲ. ಅವನು ಬೈಕಿನಿಂದ ಬೀಳುತ್ತಾನೆ, ಪಂಪ್‌ಸೆಟ್ಟಿನ ಕರೆಂಟು ಹೊಡೆಸಿಕೊಳ್ಳುತ್ತಾನೆ, ಕುಡಿದು ಮಲಗಿದವನು ಏಳುವುದಿಲ್ಲ. ಇದಾವುದೂ ಹೊಂದಲಿಲ್ಲ ಅಂದರೆ ಹೆಂಡತಿಯ ಕಾಟ. ಒಟ್ಟಿನಲ್ಲಿ ಹೆಂಗಸು ತನ್ನಿಂದ ತಾನೇ ಸಾಯುತ್ತಾಳೆ, ಗಂಡಸನ್ನು ಇನ್ಯಾರೋ ಸಾಯಿಸುತ್ತಾರೆ.

ಯತೀಶನ ಸಾವು ಇದರಲ್ಲಿ ಯಾವುದಕ್ಕೂ ಸರಿಯಾಗಿ ಕೂರದೆ ಚೌಡಯ್ಯನಿಗೆ ಬೆಳಗಿನಿಂದ ತಲೆನೋವಾಗಿತ್ತು.

ಕಟ್ಟೆಯಿಂದ ಸ್ವಲ್ಪ ದೂರದಲ್ಲಿ, ನೆಲದ ಮೇಲೆ, ಯತೀಶನ ತಾಯಿ ಮಾಯಮ್ಮ ಕಾಲು ಚಾಚಿ ಕೂತಿದ್ದಳು. ಮಂಡಿನೋವಿನಿಂದ ಅವಳಿಗೆ ಕಾಲು ಮಡಿಸಲು ಆಗುವುದಿಲ್ಲ. ಅತ್ತು ಅತ್ತು ಗಂಟಲು ಕಟ್ಟಿ, ಈಗ ಕಣ್ಣು ಮಾತ್ರ ಎತ್ತಲೋ ನೆಟ್ಟಿತ್ತು. ಅವಳನ್ನು ಒರಗಿಸಿಕೊಂಡು ಕೂತಿದ್ದವಳು ಚಂದನ, ಯತೀಶನ ಹೆಂಡತಿ ದೀಪಿಕಳ ತಂಗಿ. ದೀಪಿಕ ಬಂದಿರಲಿಲ್ಲ. ಅವಳು ಬಾಣಂತಿ. ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು, ಕಿವಿಗೆ ಬಟ್ಟೆ ಕಟ್ಟಿಕೊಂಡು, ಮದ್ದೂರಿನಾಚೆಯ ಯತೀಶನ ಹಳ್ಳಿಮನೆಯ ಒಳಕೋಣೆಯಲ್ಲಿ ಇದ್ದಳು.

ಚಂದನ ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಅವ್ವ ಸತ್ತ ಮೇಲೆ ಮಳವಳ್ಳಿ ಕಡೆಯ ತನ್ನೂರಲ್ಲಿ ಅಪ್ಪನಿಗೆ ಬೇಯಿಸಿ ಹಾಕುತ್ತಿದ್ದಳು. ಅಕ್ಕನಿಗೆ ತವರಲ್ಲಿ ಬಾಣಂತನ ಮಾಡುವವರು ಇಲ್ಲವೆಂದು ಅವಳೇ ಇಲ್ಲಿಗೆ ಬಂದಿದ್ದಳು. ಮಾತು ಕಡಿಮೆ. ಅವಳು ಎದುರಿಗಿದ್ದರೂ ಜನ ಗೋಡೆ ಎದುರಿಗಿದ್ದ ಹಾಗೆ ಏನು ಬೇಕಾದರೂ ಮಾತಾಡಿಕೊಳ್ಳುತ್ತಿದ್ದರು. ಈಗಲೂ ಹಾಗೆಯೇ ಮಾತಾಡಿಕೊಳ್ಳುತ್ತಿದ್ದರು.

"ಕೈ ನೋಡ್ದೇನ್ಲಾ?" ಚೌಡಯ್ಯ ಪಕ್ಕದವನನ್ನು ಕೇಳಿದ. "ಅಂಗೈಯೆಲ್ಲ ನೀಲಿಗಟ್ಟೋಗದೆ. ಉಗುರ್ ಸಂದೀಲೂ ನೀಲಿ. ಮೈಯೆಲ್ಲ ಬುಟ್ಟು ಕೈ ಒಂದೇ ಯಾಕ್ಲಾ ನೀಲಿಗಟ್ಟೀತು?"

"ನೀರಲ್ಲಿದ್ದುದ್ಕಲ್ವಾ ಅಣ್ಣ?"

"ನೀರಲ್ಲಿದ್ರೆ ಬಿಳಚ್ಕತದೆ ಕಣ್ಲಾ, ನೀಲಿಗಟ್ಟಲ್ಲ. ಇಸ ಅದು. ಎಷ್ಟ್ ಎಣ ನೋಡಿವ್ನಿ ನಾನು."

ಚಂದನ ತಲೆ ಬಗ್ಗಿಸಿ ತನ್ನ ಬಲಗೈ ನೋಡಿಕೊಂಡಳು. ಅಂಗೈಯಿಂದ ಮೊಣಕೈವರೆಗೆ ಸುತ್ತಿದ್ದ ಬಟ್ಟೆ ಕೊಳೆಯಾಗಿತ್ತು. ಬಾವನ ಕೈ ಯಾಕೆ ನೀಲಿಯಾಗಿದೆ ಅಂತ ಅವಳಿಗೆ ಗೊತ್ತಿತ್ತು. ಅದಕ್ಕೆ ಅವಳ ಈ ಕೈಯೇ ಮೂಲ.

ಬಾಣಂತಿಗೆ ನೀರು ಹಾಕಲು ಹಂಡೆಯಿಂದ ತೋಡುವಾಗ ಕುದಿಯುವ ನೀರು ಚಂದನಳ ಕೈ ಮೇಲೆ ಬಿದ್ದಿತ್ತು. ಅಲ್ಲಿಗೆ ಬಾಣಂತಿ ಬಟ್ಟೆ, ಕೂಸಿನ ಬಟ್ಟೆ ಒಗೆಯುವವರು ಇಲ್ಲವಾದರು. ಹಿಂದೆ ಊರಿನ ಬಾಣಂತಿಯರ ಬಟ್ಟೆಯನ್ನೆಲ್ಲ ಒಗೆದುಕೊಡುತ್ತಿದ್ದ ಮಡಿವಾಳರ ಹೆಂಗಸು ಈಗ ದಿನಾ ಬೆಳಿಗ್ಗೆ ಸೋಮನಹಳ್ಳಿ ಕಡೆಗೆ ಫ್ಯಾಕ್ಟರಿ ಬಸ್ಸು ಹತ್ತುತ್ತಾಳೆ. ಮಾಯಮ್ಮನಿಗೆ ಮಂಡಿನೋವು. ಹಾಗಂತ ಮನೆಯಲ್ಲಿ ವಾಷಿಂಗ್ ಮಿಷನ್ ಇರಲಿಲ್ಲ ಅಂತಲ್ಲ. ದೀಪಿಕಳ ಮದುವೆಗೆ ಅಪ್ಪ ಕೊಡಿಸಿದ್ದು ಹಾಲ್‌ನಲ್ಲೇ ಇತ್ತು, ಮೇಲೆ ಕುಚ್ಚಿನ ಬಟ್ಟೆ ಹೊದ್ದುಕೊಂಡು. ಕುಚ್ಚಿನ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವು, ಹೂವಿನ ಪಕ್ಕ ಯತೀಶ ಕಬಡ್ಡಿ ಕಪ್ಪು ಹಿಡಿದುಕೊಂಡಿದ್ದ ಫೋಟೋ. ಮನೆಗೆ ಬಂದವರೆಲ್ಲ ಮೊದಲು ಅದನ್ನೇ ನೋಡುತ್ತಿದ್ದರು. ಬಂದಾಗಿನಿಂದ ಅದು ಒಂದು ಕರ್ಚೀಫನ್ನೂ ಒಗೆದಿರಲಿಲ್ಲ.

"ಬಾಣಂತಿ ಮೈಲ್ಗೆ ಬಟ್ಟೇನ ಅದ್ರೊಳಕ್ ಆಕಾದಾ?" ಅಂದಿದ್ದಳು ಮಾಯಮ್ಮ. "ನಾಳೆ ಒಳ್ಳೆ ಬಟ್ಟೇನ ಎಲ್ಗಾಕನ?"

ಒಳ್ಳೆ ಬಟ್ಟೆಯನ್ನೂ ಹಾಕಿರಲಿಲ್ಲ ಅನ್ನುವುದನ್ನು ಯಾರೂ ನೆನಪಿಸಲಿಲ್ಲ.

ಒಂದು ದಿನ ನಸುಕಿನಲ್ಲಿ ಚಂದನ ಎದ್ದು ಹಿತ್ತಿಲಿಗೆ ಹೋದಾಗ ಯತೀಶ ಮೊಪೆಡ್ಡಿನ ಮುಂದೆ ಬಕೆಟ್ಟು ಇಟ್ಟುಕೊಂಡು ಅದರ ಮೇಲೆ ಹಸುವಿನ ಹುಲ್ಲು ಮುಚ್ಚುತ್ತಿದ್ದ. ಹುಲ್ಲಿನ ಸಂದಿಯಿಂದ ಅಕ್ಕನ ಸೀರೆಯ ಅಂಚು ಇಣುಕುತ್ತಿತ್ತು. ಮದ್ದೂರಿನ ಮಂಡಿಗೆ ಎಳನೀರು ಸಾಗಿಸುವ ಗೂಡ್ಸ್ ಗಾಡಿಯವನು, ಒಂದು ಗೊನೆಯನ್ನು ಒಂದೇ ಕೈಲಿ ಎತ್ತಿ ಎಸೆಯುವ ಆಳು, ಕಳ್ಳನ ಹಾಗೆ ಅವಳ ಮುಖ ನೋಡಿದ.

"ಯಾರ್ಗೂ ಯೋಳ್ಬ್ಯಾಡ ಕಣವ್ವ," ಅಂದ. "ಕಂಡ್ರೆ ಊರೆಲ್ಲ ಆಡ್ಕತದೆ."

"ಇಲ್ಲ ಬಾವ."

"ಬಿಳೀ ಬಟ್ಟೆಗೆ ನೀಲಿ ಎಷ್ಟ್ ಆಕ್ಬೇಕು?"

"ಒಂದೆರಡ್ ತೊಟ್ಟು ಸಾಕು ಬಾವ."

ಅವನು ನಾಲೆಯ ಮೆಟ್ಟಿಲಿರುವ ಕಡೆ ಹೋಗುತ್ತಿರಲಿಲ್ಲ. ಅಲ್ಲಿ ಹೆಂಗಸರು ಬರುತ್ತಾರೆ. ತೂಬಿನ ಆಚೆ ಕಬ್ಬಿನ ಗದ್ದೆಯ ಮಗ್ಗುಲಲ್ಲಿ, ಯಾರೂ ಇಳಿಯದ ಪಾಚಿ ಕಟ್ಟಿದ ಕಲ್ಲಿನ ಮೇಲೆ ಕೂತು ಒಗೆಯುತ್ತಿದ್ದ. ಎರಡು ತೊಟ್ಟು ಅನ್ನುವುದು ಅವನ ಕೈಗೆ ತಿಳಿಯುತ್ತಿರಲಿಲ್ಲ. ಹಿತ್ತಿಲಿನ ತಂತಿಯ ಮೇಲೆ ಕೂಸಿನ ಬಟ್ಟೆಗಳೆಲ್ಲ ಆಕಾಶದ ಬಣ್ಣದಲ್ಲಿ ಒಣಗುತ್ತಿದ್ದವು. ಚಂದನ ಬರುವವರಿಗೆಲ್ಲ ತಾನೇ ಎಡಗೈಲಿ ಒಗೆದೆ ಅನ್ನುತ್ತಿದ್ದಳು.

ಇವತ್ತು ಬೆಳಿಗ್ಗೆ ಅವನು ಹೊತ್ತಾದರೂ ಬರಲಿಲ್ಲ. ಚಂದನಳೇ ಹುಡುಕಿಕೊಂಡು ಹೋದಳು. ಮೊಪೆಡ್ಡು ಏರಿಯ ಮೇಲಿತ್ತು. ಕಲ್ಲಿನ ಮೇಲೆ ಬಕೆಟ್ಟು, ಸೋಪು, ಮುಚ್ಚಳ ತೆಗೆದ ನೀಲಿ ಬಾಟಲಿ. ಪಾಚಿಯ ಮೇಲೆ ಉದ್ದಕ್ಕೆ ಒಂದು ಜಾರಿದ ಗುರುತು. ಅವಳು ಕಿರುಚಿಕೊಳ್ಳುವ ಮೊದಲು ಮಾಡಿದ ಕೆಲಸ, ಬಕೆಟ್ಟು ಎತ್ತಿ ಕಬ್ಬಿನ ಗದ್ದೆಯೊಳಗೆ ಬಚ್ಚಿಟ್ಟದ್ದು. ಮಾತು ಕೊಟ್ಟಿದ್ದಳಲ್ಲ. ಕೊಟ್ಟ ಮಾತು ಉಳಿಯಿತು. ಅವನು ಕೆಳಗಿನ ತೂಬಿನಲ್ಲಿ ಸಿಕ್ಕಿದ.

"ನಿನ್ನೆ ಸಂಜೆ ಜಗಳ ಆಗದೆ," ಚೌಡಯ್ಯ ಕಟ್ಟೆಯ ಮೇಲೆ ಮುಂದುವರಿಸಿದ. "ಪಕ್ಕದ ಮನೆಯವ್ರೆಲ್ಲ ಕೇಳವ್ರೆ. ಗಂಡ ಎಂಡ್ತಿ ಜೋರಾಗಿ ಕೂಗಾಡವ್ರೆ."

ಕೂಗಾಡಿದ್ದು ನಿಜ. ಮಿಷನ್ನಿಗೆ ಬಟ್ಟೆ ಹಾಕಲು ಏನು ರೋಗ ಅಂತ ಯತೀಶ ಕೂಗಿದ್ದ. ನನ್ನನ್ನು ಯಾಕೆ ಕೇಳುತ್ತೀರಿ, ನಿಮ್ಮವ್ವನನ್ನು ಕೇಳಿ ಅಂತ ದೀಪಿಕ ಕೂಗಿದ್ದಳು. ಅಷ್ಟೇ ಜಗಳ. ಗೋಡೆಯಾಚೆ ದನಿ ಮಾತ್ರ ಕೇಳಿಸಿತ್ತು, ಮಿಷನ್ನು ಕೇಳಿಸಿರಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ಮಹದೇವು ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು ಬಂದ. ಬೆವರೊರೆಸಿಕೊಂಡು ಕಟ್ಟೆಯ ಅಂಚಿಗೆ ಕೂತ.

"ಯೋಳಿ ಯಜಮಾನ್ರೇ, ಏನಂತ ಬರ್ಕೊಳನ? ದೂರು ತಾಯಿ ಎಸ್ರಲ್ಲೇ ತಾನೆ?"

"ತಾಯಿ ಎಸ್ರಲ್ಲೇಯ. ಯೋಳದ್ ನಾನ್ ಯೋಳ್ತೀನಿ. ಎಂಡ್ತಿ ಕಿರುಕುಳ ತಾಳ್ನಾರ್ದೆ ಅಂತ ಸುರು ಮಾಡು. ಇಸ ಇಕ್ಕಿರೋ ಅನುಮಾನ ಅದೆ ಅಂತ ಕೊನ್ಗೆ ಸೇರಿಸ್ಬುಡು."

ಮಹದೇವು ಪೆನ್ನು ಎತ್ತಲಿಲ್ಲ. "ಕಾಲ್ಜಾರಿ ಬಿದ್ದಿರ್ಬೋದಲ್ವಾ?"

"ಏನ್ ಮಾದೇವು ಇಂಗಂತೀಯ? ನಮ್ ಉಡ್ಗ ಆ ನಾಲೇಲಿ ಎಮ್ಮೆ ಬಾಲ ಇಡ್ಕಂಡ್ ಈಜ್ ಕಲ್ತೋನು. ಕಾಲ್ಜಾರಕ್ಕೆ ಅವ್ನೇನ್ ಎಂಗ್ಸಾ?"

"ಎಸ್ರು ಬರುದ್ಮೇಲೆ ನಾವ್ ಸುಮ್ಕೆ ಕೂರಕ್ಕಾಗಲ್ಲ ಯಜಮಾನ್ರೇ. ಕೇಸಾಯ್ತದೆ. ಆವಮ್ಮನ್ನ ಕರ್ಕೊಂಡ್ ಓಯ್ತೀವಿ. ಬಾಣಂತಿ ಅಂತೀರಿ."

"ಕೂಸ್ನೂ ಎತ್ಗಂಡ್ ಓಗ್ಲಿ. ನಾಕ್ ದಿನ ಇದ್ದು ಬತ್ತಾಳೆ. ನಮ್ಗೇನು ಅವ್ಳ ಮ್ಯಾಲೆ ದ್ವೇಸ್ವಾ? ಸತ್ತೋನ್ಗೆ ಒಂದ್ ಕಾರಣ ಬ್ಯಾಡ್ವಾ?"

ದ್ವೇಷವಿಲ್ಲದೆ ಒಬ್ಬರನ್ನು ಜೈಲಿಗೆ ಕಳಿಸಬಹುದು ಅಂತ ಚಂದನಳಿಗೆ ಗೊತ್ತಿರಲಿಲ್ಲ. ಅವಳು ಮಾಯಮ್ಮನ ಮುಖ ನೋಡಿದಳು. ಮಾಯಮ್ಮ ಶವಾಗಾರದ ಬಾಗಿಲು ನೋಡುತ್ತಿದ್ದಳು.

ಅಷ್ಟರಲ್ಲಿ ಕಟ್ಟೆಯ ಮೇಲಿದ್ದ ಯತೀಶನ ಕಬಡ್ಡಿ ಗೆಳೆಯನೊಬ್ಬನಿಗೆ ಇನ್ನೂ ಚೆನ್ನಾದ ಕಾರಣ ಹೊಳೆಯಿತು. "ದೊಡ್ಡಯ್ಯ, ಯಾರೋ ಎಂಗ್ಸು ನಾಲೆಗ್ ಬಿದ್ದಿದ್ಲು, ಅವ್ಳನ್ನ ಎತ್ತಕ್ಕೋಗಿ ಯತೀಸ ಸತ್ತ ಅಂದ್ರೆ? ಪೇಪರ್‌ನೋರೂ ಆಕ್ತಾರೆ. ಸರ್ಕಲ್‌ನಲ್ಲಿ ದೊಡ್ ಫ್ಲೆಕ್ಸ್ ಆಕ್ಸ್‌ಬೋದು."

ಕಟ್ಟೆಗೆ ಜೀವ ಬಂತು. ಎಲ್ಲರಿಗೂ ಒಪ್ಪಿಗೆಯಾಯಿತು. ಯತೀಶ ಬದುಕಿದ್ದರೆ ಅವನಿಗೂ ಒಪ್ಪಿಗೆಯಾಗುತ್ತಿತ್ತೋ ಏನೋ.

"ಯಾವ್ ಎಂಗ್ಸು?" ಅಂದ ಮಹದೇವು.

"ಯಾವ್ದೋ ಒಂದು."

"ಆ ಎಂಗ್ಸು ಎಲ್ಲಿ? ಬದುಕಿದ್ರೆ ಬಂದು ಯೋಳ್ಬೇಕು, ಸತ್ತಿದ್ರೆ ಎಣ ಸಿಗ್ಬೇಕು. ಎರಡರಲ್ಲಿ ಒಂದ್ ಕೊಡಿ, ಬರ್ಕೊತೀನಿ."

ಹೆಂಗಸು ಎಲ್ಲಿಂದ ತರುವುದು? ಚೌಡಯ್ಯ ಸುತ್ತ ನೋಡಿದ. ಅಂಗಳದ ಇನ್ನೊಂದು ಮೂಲೆಯಲ್ಲಿ ಕಿರುಗಾವಲು ಕಡೆಯವರ ಒಂದು ಗುಂಪಿತ್ತು. ಅವರದು ಹೆಣ್ಣು ಹೆಣ, ಚಿಕ್ಕ ವಯಸ್ಸು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಸತ್ತರೆ ತಹಶೀಲ್ದಾರರೇ ಬಂದು ನೋಡಬೇಕು ಅಂತ ಕಾನೂನು, ಅದಕ್ಕೇ ಅವರು ಕಾಯುತ್ತಿದ್ದರು. ಗಂಡಸಿಗೆ ಮದುವೆಯಾಗಿ ಎಷ್ಟು ವರ್ಷ ಅಂತ ಶವಾಗಾರದಲ್ಲಿ ಯಾರೂ ಕೇಳುವುದಿಲ್ಲ. ಮದುವೆಯಿಂದ ಗಂಡಸಿಗೆ ಅಪಾಯ ಅಂತ ಕಟ್ಟೆಯ ಮೇಲೆ ಹೇಳುತ್ತಾರೆ, ಕಾನೂನಿನಲ್ಲಿ ಬರೆದಿಲ್ಲ.

ಚೌಡಯ್ಯ ಎದ್ದು, ಪಂಚೆ ಸರಿಮಾಡಿಕೊಂಡು, ಆ ಗುಂಪಿನ ಹತ್ತಿರ ಹೋದ. ಬೀಜದ ಭತ್ತ ಕೇಳುವವನಂತೆ ವಿನಯವಾಗಿ ಕೇಳಿದ.

"ನಿಮ್ಮದು ಏನಾದ್ರೂ ನಾಲೇಲಿ ಸಿಕ್ಕಿದ್ದಾ ಯಜಮಾನ್ರೇ?"

"ಇಲ್ಲ ಕಣಣ್ಣ," ಅಂದ ಆ ಕಡೆಯ ಹಿರಿಯ, ಅವನೂ ಅಷ್ಟೇ ವಿನಯವಾಗಿ. "ನಮ್ದು ಒಟ್ಟೆನೋವು."

ಚೌಡಯ್ಯ ತಲೆಯಾಡಿಸಿದ. ಕಸುಬು ಬಲ್ಲವರು ಅಂತ ಅವನಿಗೆ ಗೌರವ ಬಂದಿರಬೇಕು. ವಾಪಸು ಬಂದು ಕೂತ. ಮಹದೇವು ಫೋನು ಬಂತೆಂದು ಎದ್ದು ಹೋದ. ಎಲ್ಲರೂ ಟೀ ತರಿಸಿದರು.

ಚಂದನ ಮಾಯಮ್ಮನಿಗೆ ನೀರು ತರಲು ನಲ್ಲಿಯ ಹತ್ತಿರ ಹೋದಳು. ಅಲ್ಲಿ ಒಬ್ಬ ನಡುವಯಸ್ಸಿನ ಹೆಂಗಸು ನಲ್ಲಿ ತಿರುಗಿಸಿ, ನೀರು ಸುರಿಯುವುದನ್ನೇ ನೋಡುತ್ತಾ ನಿಂತಿದ್ದಳು. ಮುಖ ತೊಳೆದುಕೊಳ್ಳುವುದನ್ನು ಮರೆತವಳ ಹಾಗಿದ್ದಳು. ಚಂದನಳ ಕೈಯ ಬಟ್ಟೆ ನೋಡಿ ಬಾಟಲಿ ಇಸಿದುಕೊಂಡು ತಾನೇ ತುಂಬಿಸಿದಳು.

"ನಿಮ್ದ್ಯಾರವ್ವ?"

"ನಮ್ ಬಾವ. ನಿಮ್ದು?"

"ಮಗಳು." ದೇವಿರಮ್ಮ ಅಂತ ಅವಳ ಹೆಸರು. ಮೂಲೆಯ ಗುಂಪನ್ನು ಗಲ್ಲದಲ್ಲಿ ತೋರಿಸಿದಳು. "ಅವ್ರೆಲ್ಲ ಅವ್ಳ ಗಂಡನ ಕಡೆಯವ್ರು. ನಮ್ಮೋರೂ ಅವ್ರೆ, ಅವ್ರ ಜೊತೇಲೇ ಕೂತವ್ರೆ."

ಚಂದನ ಆ ಕಡೆ ತಿರುಗಿ ನೋಡಿದಳು.

"ಒಟ್ಟೆನೋವು ಅಂತ ಬರ್ಸವ್ರೆ," ಅಂದಳು ದೇವಿರಮ್ಮ. "ಬೆಳಿಗ್ಗೆ ಪೊಲೀಸ್ನೋರು ಏನಮ್ಮ ಒಟ್ಟೆನೋವೇಯಾ ಅಂತ ಕೇಳುದ್ರು. ಗಂಡಸ್ರು ಊಂ ಅಂದ್ರು. ನಾನು ಸುಮ್ಕಿದ್ದೆ. ಉಟ್ದಾಗ್ಲಿಂದ ಸಾಕಿವ್ನಿ ಕಣವ್ವ, ಒಂದ್ ದಿನ ಅದ್ಕೆ ಒಟ್ಟೆನೋವು ಅಂತ ಬಂದಿಲ್ಲ. ಕಲ್ ತಿಂದ್ರೂ ಅರಗಿಸ್ಕತಿತ್ತು."

ಬಾಟಲಿ ತುಂಬಿ ನೀರು ಹೊರಗೆ ಚೆಲ್ಲುತ್ತಿತ್ತು. ಇಬ್ಬರೂ ನಲ್ಲಿ ನಿಲ್ಲಿಸಲಿಲ್ಲ.

"ಈಗ ಯೋಳ್ಬೋದಲ್ವಾ?" ಚಂದನ ಕೇಳಿದಳು.

"ಬೆಳಿಗ್ಗೆ ಯಾಕ್ ಯೋಳ್ನಿಲ್ಲ ಅಂತಾರೆ."

"ಅನ್ಲಿ."

ದೇವಿರಮ್ಮ ಅವಳ ಮುಖವನ್ನು ನೋಡಿದಳು. ಬಾಟಲಿ ಕೊಟ್ಟಳು.

ವಾಪಸು ಬರುವಾಗ, ದೇವಿರಮ್ಮನಿಗೆ ಹೇಳಿದ ಮಾತು ತನ್ನ ಬೆನ್ನ ಹಿಂದೆಯೇ ಬರುತ್ತಿದ್ದ ಹಾಗೆ ಚಂದನಳಿಗೆ ಅನಿಸಿತು. ಹೇಳಿಬಿಡಬಹುದು ಅಂತ ಬೇರೆಯವರಿಗೆ ಬುದ್ಧಿ ಹೇಳುವುದು ಎಷ್ಟು ಸಲೀಸು. ತಾನು ಹೇಳಿದರೆ ಬಾವನಿಗೆ ಕೊಟ್ಟ ಮಾತು ಹೋಗುತ್ತದೆ. ಹೇಳದಿದ್ದರೆ ಅಕ್ಕ, ಕೂಸು ಎತ್ತಿಕೊಂಡು, ಕಿವಿಗೆ ಬಟ್ಟೆ ಕಟ್ಟಿಕೊಂಡು, ಪೊಲೀಸ್ ಜೀಪು ಹತ್ತುತ್ತಾಳೆ. ಅವಳು ಮಾಯಮ್ಮನ ಕೈಗೆ ನೀರು ಕೊಟ್ಟಳು. ಕೂರಲಿಲ್ಲ. ಮಹದೇವು ಆಗಲೇ ಕಟ್ಟೆಗೆ ವಾಪಸು ಬಂದು ಪೆನ್ನಿನ ಮುಚ್ಚಳ ತೆಗೆದಿದ್ದ. "ಎಂಡ್ತಿ ಎಸ್ರು ದೀಪಿಕ ತಾನೆ?" ಅನ್ನುತ್ತಿದ್ದ.

ಗಂಡಸರು ಕೂತ ಕಟ್ಟೆಯ ಹತ್ತಿರ ಅವಳು ಹೋಗಿ ನಿಂತದ್ದನ್ನು ಮೊದಲು ಯಾರೂ ಗಮನಿಸಲಿಲ್ಲ. ಟೀ ಲೋಟ ತೆಗೆದುಕೊಂಡು ಹೋಗಲು ಬಂದಿದ್ದಾಳೆಂದು ಒಬ್ಬ ಖಾಲಿ ಲೋಟ ಚಾಚಿದ. ಅವಳು ಅದನ್ನು ಇಸಿದುಕೊಂಡಳು ಕೂಡ.

"ಮಾವ," ಅಂದಳು ಚೌಡಯ್ಯನಿಗೆ. "ಬಾವ ಬಟ್ಟೆ ಒಗೀತಿದ್ರು."

"ಆಂ?"

"ಬೆಳಿಗ್ಗೆ. ತೂಬಿನ್ ತಾವ. ಪಾಚಿ ಮೇಲೆ ಕಾಲ್ಜಾರ್ತು. ಕೈಲಿರೋದು ಇಸ ಅಲ್ಲ, ಬಟ್ಟೆಗಾಕೋ ನೀಲಿ. ಬಕೆಟ್ಟೂ ಬಾಟ್ಲಿನೂ ನಾನೇ ಕಬ್ಬಿನ್ ಗದ್ದೇಲಿ ಮಡಗಿವ್ನಿ."

ಬೆಳಿಗ್ಗೆ ಯತೀಶ ಸತ್ತ ಸುದ್ದಿ ಬಂದಾಗಲೂ ಕಟ್ಟೆಯವರಿಗೆ ಇಷ್ಟು ಗಾಬರಿಯಾಗಿರಲಿಲ್ಲ.

"ಯಾರ್ ಬಟ್ಟೆ?" ಚೌಡಯ್ಯನ ದನಿ ಸಣ್ಣಗಾಗಿತ್ತು.

"ಅಕ್ಕಂದು, ಕೂಸಿಂದು."

"ಬಾಣಂತಿ ಬಟ್ಟೆನಾ?"

"ಊಂ."

ಚೌಡಯ್ಯ ಕಣ್ಣು ಮುಚ್ಚಿಕೊಂಡ. ಕಬಡ್ಡಿ ಗೆಳೆಯ ತಲೆ ಕೆಳಗೆ ಹಾಕಿದ, ಅವನ ಕಣ್ಣೆದುರು ಫ್ಲೆಕ್ಸು ಹರಿದುಬಿದ್ದಿರಬೇಕು. ಒಬ್ಬ ಮೆಲ್ಲಗೆ, "ಇದ್ಕಿಂತ ಇಸ್ವೇ ವಾಸಿ ಕಣಣ್ಣ," ಅಂದ.

"ನೋಡವ್ವ," ಚೌಡಯ್ಯ ಕಣ್ಣು ತೆರೆದು ಮೃದುವಾಗಿ ಹೇಳಿದ. ಅವನು ಮೃದುವಾದದ್ದು ನೋಡಿ ಅವಳಿಗೆ ಇನ್ನೂ ಭಯವಾಯಿತು. "ನಿಮ್ಮಕ್ಕನ್ನ ಉಳಿಸ್ಕಳಕ್ಕೆ ಸತ್ತೋನ ಮಾನ ತಗೀಬ್ಯಾಡ. ಅವ್ನ ಕೂಸು ನಾಳೆ ಊರಲ್ಲಿ ತಲೆಯೆತ್ಕಂಡ್ ಓಡಾಡ್ಬೇಕು."

"ಅದ್ರವ್ವ ಜೈಲಿಗೋದ್ರೆ ಎತ್ಕಂಡ್ ಓಡಾಡ್ಬೋದಾ ಮಾವ?"

"ಅದು ಬ್ಯಾರೆ."

"ನೀವು ಅಕ್ಕನ ಎಸ್ರು ಬರ್ಸಿದ್ರೆ ನಾನೂ ಬರ್ಸ್ತೀನಿ." ಅವಳು ಕೈಲಿದ್ದ ಲೋಟವನ್ನು ಕಟ್ಟೆಯ ಮೇಲಿಟ್ಟಳು. "ಬಟ್ಟೆ ಒಗೀತಿದ್ರು, ಬಾಣಂತಿ ಬಟ್ಟೆ ಒಗೀತಿದ್ರು ಅಂತ ಬರ್ಸ್ತೀನಿ. ಬಕೆಟ್ ತಂದು ಸ್ಟೇಸನ್‌ಗೆ ಕೊಡ್ತೀನಿ. ಪೇಪರ್‌ನೋರು ಬಂದ್ರೆ ಅವ್ರಿಗೂ ಯೋಳ್ತೀನಿ. ತಿಥಿ ದಿನ ಬಂದೋರ್ಗೆಲ್ಲ ಯೋಳ್ತೀನಿ."

ಕೊಲೆ ಕೇಸಿಗೆ ಹೆದರದ ಮನೆತನ ಬಕೆಟ್ಟಿಗೆ ಹೆದರಿತು. ಚೌಡಯ್ಯ ಮಹದೇವುವಿನ ಮುಖ ನೋಡಿದ. ಮಹದೇವು ಮರದ ಮೇಲಿನ ಕಾಗೆ ನೋಡಿದ. ಮನೆಯಲ್ಲಿ ಅವನೂ ಏನಾದರೂ ಒಗೆಯುತ್ತಿದ್ದನೋ ಏನೋ.

ಆಗ ಮಾಯಮ್ಮ ಮಾತಾಡಿದಳು. ಬೆಳಗಿನಿಂದ ಅವಳಾಡಿದ ಮೊದಲನೇ ಮಾತು. ಕೂತಲ್ಲಿಂದಲೇ, ಕಟ್ಟೆಯ ಕಡೆ ತಿರುಗದೆ ಹೇಳಿದಳು.

"ಬಾವ, ದೂರು ನನ್ ಎಸ್ರಲ್ ತಾನೆ?"

"ಊಂ ಕಣವ್ವ ಮಾಯಿ," ಅಂದ ಚೌಡಯ್ಯ.

"ಕೈಕಾಲ್ ತೊಳ್ಯಕ್ಕೆ ನಾಲೆಗಿಳ್ದ, ಕಾಲ್ಜಾರ್ತು. ಅಷ್ಟೇ ಬರ್ಕೊ ಮಾದೇವು. ಬ್ಯಾರೆ ಏನ್ ಬರುದ್ರೂ ನಾನು ಎಬ್ಬೆಟ್ ಒತ್ತಲ್ಲ."

ಕೈಕಾಲು ತೊಳೆಯುವುದು. ಕಟ್ಟೆಯ ಮೇಲಿನವರು ಅದನ್ನು ಬಾಯಲ್ಲಿ ಆಡಿಸಿ ನೋಡಿದರು. ಗಂಡಸು ಕೈಕಾಲು ತೊಳೆಯಬಹುದು. ತನ್ನದೇ ಕೈಕಾಲಾದರೆ ತಪ್ಪೇನಿಲ್ಲ. ಗದ್ದೆಯಿಂದ ಬಂದವನು ತೊಳೆದೇ ತೊಳೆಯುತ್ತಾನೆ. ಚೌಡಯ್ಯ ನಿಟ್ಟುಸಿರು ಬಿಟ್ಟು, "ಗದ್ದೆ ತಾವ್ ಓಗಿದ್ದ ಅಂತ ಮುಂದ್ಕೊಂದ್ ಮಾತ್ ಸೇರಿಸ್ಕೊ," ಅಂದ. ಏನನ್ನಾದರೂ ಸೇರಿಸದೆ ಬಿಡುವುದು ಅವನ ಕೈಲಾಗುತ್ತಿರಲಿಲ್ಲ. ಮಹದೇವು ಬರೆದುಕೊಂಡ. ಮಾಯಮ್ಮ ಹೆಬ್ಬೆಟ್ಟು ಒತ್ತಿದಳು.

ಕೊಯ್ದು ಮುಗಿಸಿ ಡಾಕ್ಟರಮ್ಮ ಹೊರಗೆ ಬಂದಾಗ ಮಧ್ಯಾಹ್ನ ಕಳೆದಿತ್ತು. ಮುಖದ ಮೇಲಿನ ಮಾಸ್ಕು ಗಲ್ಲಕ್ಕೆ ಇಳಿಸಿ, ಯತೀಶನ ಕಡೆಯವರು ಯಾರು ಅಂತ ಕೇಳಿದಳು. ಎಲ್ಲರೂ ಎದ್ದು ನಿಂತರು.

"ತಲೆಯ ಹಿಂದೆ ಪೆಟ್ಟಿದೆ. ಜಾರಿ ಬಿದ್ದಾಗ ಕಲ್ಲಿಗೆ ಬಡಿದಿರೋ ಹಾಗಿದೆ. ಪ್ರಜ್ಞೆ ತಪ್ಪಿ ನೀರಿಗೆ ಬಿದ್ದಿದ್ದಾರೆ, ಅದಕ್ಕೇ ಈಜೋಕಾಗಿಲ್ಲ. ಸಾವು ನೀರು ಕುಡಿದೇ ಆಗಿದೆ. ಹೊಟ್ಟೇಲಿರೋದನ್ನ ನಿಯಮದ ಪ್ರಕಾರ ಪರೀಕ್ಷೆಗೆ ಕಳಿಸ್ತೀವಿ."

"ಕೈ ನೀಲಿ ಇತ್ತಲ್ಲ ಮೇಡಂ," ಗುಂಪಿನಲ್ಲಿ ಯಾರೋ ಬಾಯಿತಪ್ಪಿ ಕೇಳಿದರು. ಚೌಡಯ್ಯ ಅವನನ್ನು ಕಣ್ಣಲ್ಲೇ ಸುಟ್ಟ.

"ಹತ್ತಿಯಲ್ಲಿ ಉಜ್ಜಿದೆ, ಬಿಟ್ಟುಕೊಂಡು ಬಂತು. ಬಟ್ಟೆಗೆ ಹಾಕೋ ನೀಲಿ ಅನ್ಸುತ್ತೆ." ಡಾಕ್ಟರಮ್ಮ ಎಲ್ಲರ ಮುಖ ನೋಡಿದಳು. "ಬಲಗೈ ಮುಷ್ಟಿ ಬಿಗಿಯಾಗಿ ಕಟ್ಟಿಕೊಂಡಿತ್ತು. ಮುಳುಗೋವಾಗ ಕೈಲಿದ್ದದ್ದನ್ನ ಕೆಲವರು ಹಾಗೇ ಹಿಡಿದುಕೊಂಡುಬಿಡ್ತಾರೆ. ಬಿಡಿಸಿ ನೋಡಿದ್ರೆ ಮಗುವಿನ ಬಟ್ಟೆ, ಪಂಚೆ ಹರಿದು ಮಾಡಿರೋದು. ಬಟ್ಟೆ ಒಗೀತಿದ್ರಾ ಇವರು?"

"ಇಲ್ಲ ಮೇಡಂ," ಅಂದಿತು ಇಡೀ ಕಟ್ಟೆ, ಒಂದೇ ದನಿಯಲ್ಲಿ. ಇಷ್ಟು ಒಗ್ಗಟ್ಟು ಆ ಊರಲ್ಲಿ ಪಂಚಾಯಿತಿ ಎಲೆಕ್ಷನ್ನಿಗೂ ಇರುವುದಿಲ್ಲ.

"ಕೈಕಾಲ್ ತೊಳೀತಿದ್ದ ಮೇಡಂ," ಅಂದ ಚೌಡಯ್ಯ.

"ಮಗುವಿನ ಬಟ್ಟೆ ಯಾಕೆ ಹಿಡ್ಕೊಂಡಿದ್ರು ಮತ್ತೆ?"

"ಒರೆಸ್ಕಳಕ್ಕೆ."

"ನೀಲಿ?"

ಚೌಡಯ್ಯ ಪಂಚೆ ಸರಿಮಾಡಿಕೊಂಡ. "ಮಗಿನ್ ಮ್ಯಾಲೆ ಬಲೇ ಪ್ರೀತಿ ಮೇಡಂ ಅವ್ನ್ಗೆ," ಅಂದ. ಪ್ರಶ್ನೆಗೂ ಉತ್ತರಕ್ಕೂ ಸಂಬಂಧವಿರಲಿಲ್ಲ, ಆದರೆ ಆವತ್ತು ಅವನು ಹೇಳಿದ ನಿಜ ಅದೊಂದೇ.

ಡಾಕ್ಟರಮ್ಮ ಇನ್ನೇನೂ ಕೇಳಲಿಲ್ಲ. ಬಾಗಿಲಿಗೆ ತಿರುಗುವ ಮೊದಲು ಅವಳ ಕಣ್ಣು ಚಂದನಳ ಮೇಲೆ ಒಂದು ಗಳಿಗೆ ನಿಂತಿತು. ಚಂದನ ನೆಲ ನೋಡಿದಳು.

ಹೆಣವನ್ನು ಗಾಡಿಗೆ ಹಾಕುವ ಹೊತ್ತಿಗೆ ತಹಶೀಲ್ದಾರರ ಜೀಪು ಬಂತು. ಕಿರುಗಾವಲು ಕಡೆಯ ಗಂಡಸರೆಲ್ಲ ಎದ್ದು, ಹೊಟ್ಟೆನೋವಿನ ಮುಖ ಮಾಡಿಕೊಂಡು ಜೀಪಿನ ಕಡೆ ಹೊರಟರು. ಅವರಿಗಿಂತ ಮೊದಲೇ, ಸೆರಗನ್ನು ಸೊಂಟಕ್ಕೆ ಬಿಗಿದು, ದೇವಿರಮ್ಮ ಹೋಗಿ ಜೀಪಿನ ಬಾಗಿಲ ಹತ್ತಿರ ನಿಂತಿದ್ದಳು. ಗಾಡಿ ಗೇಟು ದಾಟಿತು. ಅವಳು ಏನು ಹೇಳಿದಳೋ ಚಂದನಳಿಗೆ ಕೇಳಿಸಲಿಲ್ಲ.

ತಿಥಿಯ ದಿನ ಊರ ಬಾಗಿಲಲ್ಲಿ ಫ್ಲೆಕ್ಸು ನಿಂತಿತು. ಅದರಲ್ಲಿ ಯತೀಶ ಕಪ್ಪು ಕನ್ನಡಕ ಹಾಕಿಕೊಂಡು ಮೀಸೆ ತಿರುವಿಕೊಂಡಿದ್ದ. ಊಟಕ್ಕೆ ಮೊದಲು ಚೌಡಯ್ಯ ನಾಲ್ಕು ಮಾತಾಡಿದ. ಗಂಡು ಅಂದರೆ ಯತೀಶ, ಗತ್ತು ಅಂದರೆ ಗತ್ತು, ಮನೆಯಲ್ಲಿ ಒಂದು ಲೋಟ ಅತ್ತಿಂದಿತ್ತ ಇಟ್ಟವನಲ್ಲ ಅಂದ. ಬಂದವರು ತಲೆದೂಗಿದರು. ಒಳಕೋಣೆಯಲ್ಲಿ ದೀಪಿಕ ಕೂಸಿಗೆ ಹಾಲು ಕೊಡುತ್ತಾ ಕೇಳಿಸಿಕೊಂಡಳು. ತಂಗಿಯ ಮುಖ ನೋಡಿದಳು. ಅವಳಿಗೆ ಅಳು ಬಂತೋ ನಗು ಬಂತೋ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ನೆಂಟರೆಲ್ಲ ಹೋದ ಮಾರನೇ ದಿನ ಬೆಳಿಗ್ಗೆ ಚಂದನ ಬಕೆಟ್ಟಿಗೆ ಕೂಸಿನ ಬಟ್ಟೆ ತುಂಬಿಕೊಂಡು ಹೊರಟಳು. ಕೈಯ ಗಾಯ ಒಣಗಿತ್ತು. ಹಾಲ್‌ನಲ್ಲಿ ಮಾಯಮ್ಮ ಗೋಡೆ ಹಿಡಿದುಕೊಂಡು ನಿಂತಿದ್ದಳು. ವಾಷಿಂಗ್ ಮಿಷನ್ನಿನ ಮೇಲಿದ್ದ ಹಾರ ಹಾಕಿದ ಫೋಟೋ ಗೋಡೆಯ ಮೊಳೆಗೆ ಹೋಗಿತ್ತು. ಪ್ಲಾಸ್ಟಿಕ್ ಹೂವು ಕಿಟಕಿಗೆ ಹೋಗಿತ್ತು. ಕುಚ್ಚಿನ ಬಟ್ಟೆ ಮಡಿಸಿ ಅವಳ ಹೆಗಲ ಮೇಲಿತ್ತು.

"ನಾಲೆಗೋಗ್ಬ್ಯಾಡ," ಅಂದಳು. "ಇಲ್ಲಿ ತತ್ತಾ."

ಚಂದನ ಬಕೆಟ್ಟು ಇಳಿಸಿದಳು. ಮಾಯಮ್ಮ ಒಂದೊಂದೇ ಬಟ್ಟೆ ಎತ್ತಿ ನೋಡಿದಳು. ಪಂಚೆ ಹರಿದು ಮಾಡಿದ ತುಂಡುಗಳು, ಎಷ್ಟು ಸಲ ಹಿಂಡಿದರೂ ಹೋಗದ ಆಕಾಶದ ಬಣ್ಣ. ಒಂದನ್ನು ಬೆಳಕಿಗೆ ಹಿಡಿದಳು. ಈ ಬಟ್ಟೆ ಒಗೆಯುತ್ತಿರುವವರು ಯಾರು ಅಂತ ಮಾಯಮ್ಮ ಒಂದು ದಿನವೂ ಕೇಳಿರಲಿಲ್ಲ ಅನ್ನುವುದು ಚಂದನಳಿಗೆ ಆಗ ಹೊಳೆಯಿತು.

ಮಿಷನ್ನಿನ ಮುಚ್ಚಳ ತೆಗೆದು ಇಬ್ಬರೂ ಒಳಗೆ ಬಗ್ಗಿ ನೋಡಿದರು. ಹೊಸ ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಹೋಗಿರಲಿಲ್ಲ.

"ಇದ್ಕೆ ನೀಲಿ ಎಲ್ಗಾಕಾದು?" ಮಾಯಮ್ಮ ಕೇಳಿದಳು.

"ಗೊತ್ತಿಲ್ಲ ಅತ್ತೆ."

"ಎರಡೇ ತೊಟ್ಟು ಆಕು," ಅಂದಳು ಮಾಯಮ್ಮ. "ಅವ್ನಂಗೆ ಸುರೀಬ್ಯಾಡ."